ಹೆಚ್ಚಿಗೆ ಬರೆದ ಎರಡು ಮನೆ

ಬಿಸಿಲಿಗೆ ಕಾದ ಡೇರೆ ಬಟ್ಟೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಸೂಜಿ ಅಜ್ಜಿ ಅರವತ್ತು ವರ್ಷ ಹಿಂದಕ್ಕೆ ಹೋಗಿ ಅಪ್ಪನ ಹೊಲಿಗೆ ಮೇಜಿನ ಕೆಳಗೆ ಕೂತುಬಿಟ್ಟಳು. ಮೇಣ ಸವರಿದ ದಾರ, ಎಣ್ಣೆ ಕುಡಿದ ಯಂತ್ರ, ದಪ್ಪ ಬಟ್ಟೆಯೊಳಗೆ ಎಂದೋ ಸಿಕ್ಕಿಕೊಂಡ ಹಳೆಯ ಮಳೆ, ಎಲ್ಲ ಸೇರಿದ ವಾಸನೆ ಅದು. ಅಪ್ಪ ಲಾರಿಗಳಿಗೆ ಟಾರ್ಪಾಲು ಹೊಲಿಯುತ್ತಿದ್ದ. ಹೊಲಿದಷ್ಟೂ ಬಟ್ಟೆ ಮೇಜಿನಿಂದ ಇಳಿದು ನೆಲ ಮುಟ್ಟುತ್ತಿತ್ತು. ಅದರ ಮರೆಯಲ್ಲಿ ಅವಳದೊಂದು ಮನೆ. ಕೆಳಗೆ ಬಿದ್ದ ಕತ್ತರಿ ಬೇಕಾದಾಗ ಅಪ್ಪ ಬಗ್ಗಿ ಸುಮ್ಮನೆ ಕೈ ಹಾಕುತ್ತಿರಲಿಲ್ಲ. ಮೊದಲು ಮೇಜಿನ ಕಾಲಿಗೆ ಎರಡು ಸಲ ಬಡಿದು, "ಮನೇಲಿ ಯಾರಿದ್ದೀರಿ?" ಎಂದು ಕೇಳುತ್ತಿದ್ದ. ಒಳಗಿನಿಂದ "ಬನ್ನಿ" ಎಂಬ ಅಪ್ಪಣೆ ಬರುವವರೆಗೆ, ಗಿರಾಕಿ ಎದುರಿಗೆ ನಿಂತಿದ್ದರೂ, ಕಾಯುತ್ತಿದ್ದ.

"ಅಜ್ಜೀ, ಕೂತಲ್ಲೇ ನಿದ್ದೆನಾ?"

ಕಣ್ಣು ಬಿಟ್ಟಾಗ ಡೇರೆಯ ಬಾಯಲ್ಲಿ ಮುಂದಿನ ಹಲ್ಲುದುರಿದ ಒಂದು ಮುಖ. ಅದರ ಹಿಂದೆ ನೆಲದ ಮೇಲೆ ಎಳೆದುಕೊಂಡು ಬಂದ ಮಲಗುವ ಚೀಲ.

"ಇದರ ಹೊಟ್ಟೆ ಒಡೆದಿದೆ. ನಾನೇನೂ ಮಾಡಿಲ್ಲ."

"ಗೊತ್ತು ಬಿಡು. ಆಸ್ಪತ್ರೆಯ ಹಾಸಿಗೆ ಬಟ್ಟೆಗಳೂ ಹೀಗೇ, ತಾವಾಗೇ ಹರ್ಕೊಳ್ತಿದ್ವು. ಕೊಡು ಇಲ್ಲಿ."

ಮೂವತ್ತೊಂದು ವರ್ಷ ಅವಳು ಒಂದು ದೊಡ್ಡ ಆಸ್ಪತ್ರೆಯ ಬಟ್ಟೆ ವಿಭಾಗದಲ್ಲಿ ಕೂತು ಹರಿದದ್ದನ್ನೆಲ್ಲ ಹೊಲಿದಿದ್ದಳು. ನಿವೃತ್ತಿಯಾದ ಮೇಲೆ ಕೈ ಸುಮ್ಮನಿರದೆ, ಈ ಶಿಬಿರದ ಮಕ್ಕಳಿಗೆಂದು ವರ್ಷವರ್ಷವೂ ಮಲಗುವ ಚೀಲಗಳನ್ನು ಹೊಲಿದು ಕಳಿಸುತ್ತಿದ್ದಳು. ನಿಲ್ಲಲು ಒಂದು ನೆಲೆಯಿಲ್ಲದ, ಅಮ್ಮ ಅಪ್ಪನ ಜೊತೆ ಕೆಲವೇ ವಾರ ಇರಗೊಡುವ ತಂಗುದಾಣಗಳಲ್ಲೋ, ಯಾರದೋ ಮೆಟ್ಟಿಲ ಕೆಳಗೋ, ಹಳೆಯ ಕಾರಿನಲ್ಲೋ ದಿನ ಕಳೆಯುವ ಮಕ್ಕಳನ್ನು ಒಂದನೇ ತಾರೀಖಿನಿಂದ ಹನ್ನೆರಡರವರೆಗೆ ಈ ಕಾಡಿಗೆ ಕರೆತಂದು ಹೊಳೆ, ಬಂಡೆ, ಹಕ್ಕಿ ತೋರಿಸುವ ಶಿಬಿರ ಅದು. ಪ್ರತಿ ಚೀಲದ ಒಳಬದಿಗೆ, ಎದೆಯ ಹತ್ತಿರ, ಅವಳು ಒಂದು ಪುಟ್ಟ ಜೇಬು ಹೊಲಿಯುತ್ತಿದ್ದಳು. ಅದನ್ನು ಹೊಲಿ ಎಂದು ಯಾರೂ ಹೇಳಿರಲಿಲ್ಲ. ಒಂಬತ್ತು ವರ್ಷ ಚೀಲಗಳು ಮಾತ್ರ ಬಂದಿದ್ದವು. ಈ ವರ್ಷ ಅವಳೇ ಬಂದಿದ್ದಳು. "ಈ ವಯಸ್ಸಲ್ಲಿ ಕಾಡುಪಾಲಾಗೋ ಆಸೆ ಯಾಕತ್ತೆ?" ಎಂದು ಸೊಸೆ ನಕ್ಕಿದ್ದಳು, ನಗುತ್ತಲೇ ಎರಡು ಜೊತೆ ಉಣ್ಣೆಯ ಕಾಲುಚೀಲ ಪೆಟ್ಟಿಗೆಯ ತಳದಲ್ಲಿ ಬಚ್ಚಿಟ್ಟು ಕಳಿಸಿದ್ದಳು.

ಬಂದ ಮೊದಲ ಬೆಳಿಗ್ಗೆಯೇ ಶಿಬಿರದ ಮೇಡಂ ಸ್ವಯಂಸೇವಕರನ್ನು ಮರದ ಕೆಳಗೆ ಕೂರಿಸಿ ನಿಯಮಗಳನ್ನು ಓದಿ ಹೇಳಿದರು. ಮೂವತ್ತು ದಾಟದ ಹುಡುಗಿ. ಕಾಲಿಗೆ ಭಾರದ ಬೂಟು, ಕೊರಳಲ್ಲಿ ಸೀಟಿ. ಯಾವ ಮಗುವಿಗೆ ಯಾವ ಬಣ್ಣದ ಲೋಟ ಇಷ್ಟವೆಂದು ಎರಡೇ ದಿನದಲ್ಲಿ ಬಾಯಿಪಾಠ ಮಾಡಿಕೊಂಡವಳು.

"ಮಕ್ಕಳ ಎದುರು ಒಂದು ಪದ ಮಾತ್ರ ಬೇಡ. ಎರಡೇ ಅಕ್ಷರದ್ದು, ನಿಮಗೆಲ್ಲ ಗೊತ್ತು. ನಿಮ್ದು ಎಲ್ಲಿ, ಅಲ್ಲಿ ಯಾರಿದ್ದಾರೆ, ಅಲ್ಲಿಗೆ ಹೋಗಬೇಕು ಅನ್ಸುತ್ತಾ, ಇಂಥ ಪ್ರಶ್ನೆಗಳೂ ಬೇಡ. ಇಲ್ಲದ್ದನ್ನ ನೆನಪಿಸಿ ನೋಯಿಸೋದು ಯಾಕೆ?"

ಕೇಳುವಾಗ ಅದು ಎಲ್ಲರಿಗೂ ಸರಿಯೆನಿಸಿತು. ಆದರೆ ಆ ಎರಡಕ್ಷರ ಎಲ್ಲೆಲ್ಲಿ ಅಡಗಿ ಕೂತಿದೆಯೆಂದು ತಿಳಿದದ್ದು ಬಾಯಿ ತೆರೆದ ಮೇಲೆ. 'ಅಡುಗೆಮನೆ' ಎಂಬ ಹಲಗೆಯ ಕೊನೆಯ ಎರಡಕ್ಷರಕ್ಕೆ ಸುಣ್ಣ ಬಳಿದು 'ಅಡುಗೆ' ಎಂದಷ್ಟೇ ಉಳಿಸಿದರು. ಬಚ್ಚಲುಮನೆ ಬರೀ ಬಚ್ಚಲಾಯಿತು. ಎಲ್ಲರಿಗಿಂತ ಪೇಚಿಗೆ ಸಿಕ್ಕಿದವನು ಅಡುಗೆಯವನು. ಮಕ್ಕಳು ಸೌಟಣ್ಣ ಎಂದು ಕರೆಯುತ್ತಿದ್ದ ಅವನು, ಉರಿಯದ ಒಲೆ, ಸೀದ ಪಾತ್ರೆ, ಬ್ರೆಡ್ಡು ಕದಿಯುವ ಕಾಗೆ, ಯಾವುದಕ್ಕೂ ಭೇದ ಮಾಡದೆ "ಮನೆಹಾಳ" ಎಂದು ಬೈದು ಅಭ್ಯಾಸವಾದವನು. ಈಗ ಮೊದಲ ಅರ್ಧ ನುಂಗಿ "ಹಾಳ!" ಎಂದು ನಿಲ್ಲಿಸಬೇಕಾಗಿತ್ತು.

"ಬೈಗುಳಕ್ಕೂ ಪಡಿತರ ಮಾಡಿಬಿಟ್ರಲ್ಲ ಅಜ್ಜಿ," ಎಂದು ಅವನು ಗೊಣಗಿದ. "ಅರ್ಧ ಬೈದ್ರೆ ಅರ್ಧ ಸಿಟ್ಟು ಹೊಟ್ಟೆಲೇ ಉಳಿಯುತ್ತೆ. ಅಜೀರ್ಣ."

ಸೂಜಿ ಅಜ್ಜಿಗೂ ನಾಲಿಗೆ ತಡವರಿಸುತ್ತಿತ್ತು. "ಮನ..." ಎಂದು ಶುರುಮಾಡಿ, ಥಟ್ಟನೆ ನೆನಪಾಗಿ, "ಮನಸ್ಸಿಟ್ಟು ಊಟ ಮಾಡು" ಎಂದು ಎಲ್ಲಿಂದೆಲ್ಲಿಗೋ ಒಯ್ದು ಮುಗಿಸುತ್ತಿದ್ದಳು. ಮಕ್ಕಳು ಈ ಅಜ್ಜಿ ಮನಸ್ಸಿನ ಬಗ್ಗೆ ಇಷ್ಟೇಕೆ ಮಾತಾಡುತ್ತಾಳೆಂದು ಮುಖ ಮುಖ ನೋಡಿಕೊಳ್ಳುತ್ತಿದ್ದರು.

ನಿಯಮ ದೊಡ್ಡವರಿಗೆ ಮಾತ್ರ ಗೊತ್ತಿತ್ತು. ಮಕ್ಕಳಿಗೆ ಯಾರು ಹೇಳಬೇಕು, ಹೇಗೆ ಹೇಳಬೇಕು? ನಾಲ್ಕನೇ ದಿನ ಅವರು ಹಲಗೆಗೆ ಬಳಿದು ಮಿಕ್ಕಿದ್ದ ಸುಣ್ಣದ ಡಬ್ಬಿಯನ್ನು ಹೊತ್ತೊಯ್ದು, ಗೇಟಿನ ಬಳಿಯ ಗಟ್ಟಿ ನೆಲದ ಮೇಲೆ ಕುಂಟಾಬಿಲ್ಲೆಗೆ ಗೆರೆ ಎಳೆದರು. ಎಂಟು ಮನೆ. ಆಟದ ಚೌಕಕ್ಕೆ ಮನೆ ಎನ್ನದೆ ಇನ್ನೇನು ಅನ್ನುತ್ತಾರೆ? ಆ ಗಳಿಗೆಯಿಂದ ಸಂಜೆಯವರೆಗೆ ಕಾಡೆಲ್ಲ ಅದೇ ಕೂಗು.

"ನನ್ನ ಮನೆ ತುಳಿದೆ ನೀನು!"

"ನಿನ್ನ ಮನೆ ನಾಲ್ಕು, ನಾನು ತುಳಿದಿದ್ದು ಐದು. ಕಣ್ಣು ತೊಳ್ಕೊಂಡು ಬಾ."

"ನೋಡ್ರೋ, ಇವಳಿಗೆ ಎರಡೆರಡು ಮನೆ!"

ಮೇಡಂ ಸೀಟಿಯ ಮೇಲೆ ಕೈಯಿಟ್ಟರು. ಊದಿ ಏನು ಹೇಳುವುದೆಂದು ತಿಳಿಯದೆ ಕೈ ತೆಗೆದರು. ಸೌಟಣ್ಣ ಅಡುಗೆಯ ಬಾಗಿಲಲ್ಲಿ ನಿಂತು, ಬಾಯಿಗೆ ಬಟ್ಟೆ ಅಡ್ಡಹಿಡಿದು ನಕ್ಕ.

ಆಟದ ಸೊಗಸು ಇದ್ದದ್ದು ಕೊನೆಯಲ್ಲಿ. ಎಂಟೂ ಚೌಕ ಕುಂಟಿ ಮುಗಿಸಿದವರು ಬೆನ್ನು ತಿರುಗಿಸಿ ನಿಂತು ತಲೆಯ ಮೇಲಿಂದ ಹಿಂದಕ್ಕೆ ಬಿಲ್ಲೆ ಎಸೆಯಬೇಕು. ಅದು ಬಿದ್ದ ಚೌಕ ಅವರ ಸ್ವಂತ ಮನೆ. ಅಲ್ಲಿ ಅವರು ಎರಡೂ ಕಾಲೂರಿ ದಣಿವಾರಿಸಿಕೊಳ್ಳಬಹುದು. ಬೇರೆಯವರು ಅದನ್ನು ಹಾರಿಕೊಂಡೇ ಹೋಗಬೇಕು, ಒಳಗೆ ಕಾಲಿಟ್ಟರೆ ಔಟು. ಎಲ್ಲರಿಗಿಂತ ಹಗುರಾಗಿ ಕುಂಟುತ್ತಿದ್ದವಳು ಹತ್ತು ವರ್ಷದ ಒಬ್ಬ ಹುಡುಗಿ. ಆದರೆ ಬಿಲ್ಲೆ ಎಸೆಯುವ ಸರದಿ ಬಂದಾಗ ಅವಳು ಅದನ್ನು ಪಕ್ಕದವರ ಕೈಗೆ ಕೊಟ್ಟು ಗೇಟಿನ ಕಡೆ ನಡೆದುಬಿಡುತ್ತಿದ್ದಳು. ಗೇಟಿನ ಕೆಳಗಿನ ಅಡ್ಡಪಟ್ಟಿಯ ಮೇಲೆ ಕೂತು, ಮುಖ್ಯರಸ್ತೆಯಿಂದ ಶಿಬಿರಕ್ಕೆ ಬರುವ ಮಣ್ಣುದಾರಿಯನ್ನು ನೋಡುತ್ತಿದ್ದಳು. ಹೊಳೆಗೆ ಬಾ ಎಂದರೆ ಇಲ್ಲ, ಬಂಡೆ ಹತ್ತಲು ಬಾ ಎಂದರೆ ಇಲ್ಲ. ಮಕ್ಕಳು ಅವಳಿಗೆ ಗೇಟಮ್ಮ ಎಂದು ಹೆಸರಿಟ್ಟರು.

"ಗೇಟಮ್ಮಾ, ಟಿಕೆಟ್ ಕೊಡಮ್ಮಾ!" ಎಂದು ಹೋಗುವಾಗ ಬರುವಾಗ ಕಾಡಿಸುತ್ತಿದ್ದರು.

ಸೂಜಿ ಅಜ್ಜಿ ಹೊಲಿಗೆಗೆ ಕೂರುತ್ತಿದ್ದದ್ದೂ ಗೇಟಿನ ಬಳಿಯ ಡೇರೆಯಲ್ಲೇ, ಬೆಳಕು ಚೆನ್ನಾಗಿತ್ತು. ಸೂಜಿಗೆ ದಾರ ಪೋಣಿಸಲು ಅವಳು ಪರದಾಡುವುದನ್ನು ನೋಡಿ ಹುಡುಗಿ ಒಂದು ದಿನ ತಾನಾಗಿ ಎದ್ದು ಬಂದಳು. ಸೂಜಿ ಕಿತ್ತುಕೊಂಡು, ದಾರದ ತುದಿಯನ್ನು ನಾಲಿಗೆಗೆ ತಾಗಿಸಿ, ಒಂದೇ ಏಟಿಗೆ ಪೋಣಿಸಿ ಕೊಟ್ಟಳು. ಆಮೇಲೆ ಕೇಳದೆಯೇ ಇನ್ನೂ ಐದು ಸೂಜಿಗೆ ಪೋಣಿಸಿ ಸಾಲಾಗಿ ಬಟ್ಟೆಗೆ ಚುಚ್ಚಿಟ್ಟಳು. "ನಾನಿಲ್ದಾಗ ಬೇಕಾಗುತ್ತೆ" ಎಂದಳು. ಆಸ್ಪತ್ರೆಯಲ್ಲಿ ಅಷ್ಟು ವರ್ಷ ಯಾರಿಗೂ ಹೊಳೆಯದ ಉಪಕಾರ ಅದು.

"ಅಷ್ಟು ಚೆನ್ನಾಗಿ ಆಡ್ತೀಯ, ಗೆದ್ದಿದ್ದನ್ನ ಯಾಕೆ ಬಿಟ್ಟು ಬರ್ತೀಯ ಪುಟ್ಟಿ?"

ಹುಡುಗಿ ದಾರ ಸುತ್ತುತ್ತ ಕೂತಳು. ಸುತ್ತಿ ಮುಗಿಸಿ, "ನಂದು ಹತ್ತಕ್ಕೆ ಮುಗಿಯುತ್ತೆ" ಎಂದಳು.

"ಏನು ಹತ್ತಕ್ಕೆ ಮುಗಿಯೋದು?"

"ಮನೆ."

ಅಜ್ಜಿ ತಲೆಯೆತ್ತಿ ಅಂಗಳದ ಗೆರೆಗಳನ್ನು ನೋಡಿದಳು. ಒಂದು, ಎರಡು, ಮೂರು... ಎಂಟೇ. ಅವಳಿಗೆ ನಗು ಬಂತು. ತಾನು ಚಿಕ್ಕವಳಿದ್ದಾಗಲೂ ಹಾಗೇ. ಒಂದೊಂದು ಬೀದಿಯಲ್ಲಿ ಒಂದೊಂದು ಲೆಕ್ಕ. ಈ ಮಗುವಿನ ಕಡೆ ಹತ್ತು ಮನೆ ಬರೆಯುತ್ತಾರೆ ಅಂತ ಕಾಣುತ್ತದೆ. ಎಂಟಕ್ಕೇ ಆಟ ಮುಗಿದರೆ ಅವಳಿಗೆ ಗೆದ್ದ ಹಾಗೆ ಅನ್ನಿಸುವುದಿಲ್ಲ, ಪಾಪ. ಇಷ್ಟೇ ತಾನೆ!

ಆ ಸಂಜೆ ಮಕ್ಕಳೆಲ್ಲ ಹೊಳೆಗೆ ಹೋದಾಗ ಅವಳು ಸುಣ್ಣದ ಡಬ್ಬಿ ಹುಡುಕಿ ತಂದಳು. ಮಂಡಿ ಊರಲಾರದೆ, ಕಡ್ಡಿಯ ತುದಿಗೆ ಬಟ್ಟೆ ಸುತ್ತಿ, ಬಗ್ಗಿ ಬಗ್ಗಿ ಎರಡು ಚೌಕ ಕೂಡಿಸಿದಳು. ಒಂಬತ್ತು. ಹತ್ತು. ಹತ್ತರ ಒಳಗೆ ಅಂಕಿಯನ್ನು ದಪ್ಪಗೆ, ಸೊನ್ನೆಯನ್ನು ದುಂಡಗೆ ಬರೆದಳು. ಸೊಂಟ ಹಿಡಿದುಕೊಂಡು ಎದ್ದು ನಿಂತಾಗ, ಅರವತ್ತೆಂಟನೇ ವಯಸ್ಸಿನಲ್ಲಿ ಮನೆ ಕಟ್ಟಿದೆನಲ್ಲ ಎಂದು ತನಗೆ ತಾನೇ ಹೇಳಿಕೊಂಡಳು; ಬಾಯಿ ಬಿಟ್ಟಲ್ಲ, ಒಳಗೇ.

ಮರುದಿನ ಬೆಳಿಗ್ಗೆ ಮಕ್ಕಳು ಕೇಕೆ ಹಾಕಿದರು. "ಹತ್ತು ಮನೆ! ಹತ್ತು ಮನೆ!" ಹುಡುಗಿಯೂ ಓಡಿ ಬಂದಳು. ಬಂದವಳು ಕೊನೆಯ ಚೌಕದ ಎದುರು ನಿಂತಲ್ಲೇ ನಿಂತಳು. ಮುಖದ ಬಣ್ಣ ಇಳಿಯಿತು. ಎರಡೂ ಹಿಮ್ಮಡಿಯಿಂದ ಹತ್ತರ ಅಂಕಿಯನ್ನು ತಿಕ್ಕತೊಡಗಿದಳು. ಸುಣ್ಣ ಹೋಗದೆ ಮಣ್ಣಿನ ಜೊತೆ ಕಲಸಿಕೊಂಡಿತು.

"ನಿನಗೋಸ್ಕರಾನೇ ಬರೆದೆ ಕಣೇ," ಎಂದಳು ಅಜ್ಜಿ ಗಾಬರಿಯಿಂದ.

ಹುಡುಗಿ ತಿರುಗಿ ನೋಡಿದಳು. ಕಣ್ಣಲ್ಲಿ ನೀರಿರಲಿಲ್ಲ, ಅದಕ್ಕಿಂತ ಕೆಟ್ಟದ್ದೇನೋ ಇತ್ತು. "ನಿಮ್ಗೊಬ್ರಿಗೆ ಹೇಳ್ದೆ. ಎಲ್ರಿಗೂ ಕಾಣೋ ಹಾಗೆ ಯಾಕೆ ಬರೆದ್ರಿ?"

"ಏನನ್ನ?"

ಹುಡುಗಿ ತನ್ನ ಡೇರೆಗೆ ಓಡಿದಳು.

ಅಜ್ಜಿಗೆ ತಲೆಬುಡ ತಿಳಿಯಲಿಲ್ಲ. ಕೈಯಲ್ಲಿದ್ದ ಹೊಲಿಗೆ ಎರಡು ಸಲ ತಪ್ಪಿತು. ಕುಂಟಾಬಿಲ್ಲೆಗೆ ಎರಡು ಚೌಕ ಕೂಡಿಸಿದರೆ ಅದರಲ್ಲಿ ಗುಟ್ಟೇನು, ದ್ರೋಹವೇನು? ಮೇಡಂ ಹತ್ತಿರ ಹೋದಳು. ಅವರು ನಡೆದದ್ದನ್ನೆಲ್ಲ ಗಮನವಿಟ್ಟು ಕೇಳಿ, "ಹಳೇದು ಏನೋ ನೆನಪಾಗಿರಬೇಕು ಅಜ್ಜಿ. ಕೆದಕೋದು ಬೇಡ. ತಾನಾಗೇ ಸರಿಹೋಗುತ್ತೆ" ಎಂದರು. ಸೌಟಣ್ಣನ ಹತ್ತಿರ ಹೋದಳು.

"ನಂಗೇನು ಗೊತ್ತಜ್ಜಿ. ಆ ಮಗು ಬಡಿಸಿದ ಬ್ರೆಡ್ಡಲ್ಲಿ ಅರ್ಧ ಅಂಗಿಯೊಳಗೆ ಇಟ್ಕೊಳ್ಳುತ್ತೆ, ಅದು ಗೊತ್ತು. ಮೊದಲ ದಿನದಿಂದ ನೋಡ್ತಿದೀನಿ."

"ಕೇಳ್ಲಿಲ್ವಾ ಯಾಕೆ ಅಂತ?"

"ಯಾಕೆ ಕೇಳ್ಬೇಕು? ಒಂದು ತುಂಡು ಜಾಸ್ತಿ ಹಾಕ್ತೀನಿ. ಅರ್ಧ ಇಟ್ಕೊಂಡ್ರೂ ಹೊಟ್ಟೆ ತುಂಬ್ಬೇಕಲ್ಲ."

ಆ ರಾತ್ರಿ ಅಜ್ಜಿ ಸೊಸೆ ಕೊಟ್ಟ ಕಾಲುಚೀಲ ಹಾಕಿಕೊಂಡು ಮಲಗಿದಳು. ಒಂಬತ್ತು ವರ್ಷ ದೂರದಿಂದ ಹೊಲಿದದ್ದೇ ವಾಸಿಯಾಗಿತ್ತೇನೋ ಎನಿಸಿತು. ಚೀಲ ಹೊಲಿಯುವಾಗ ಈ ಮಕ್ಕಳೆಲ್ಲ ಅವಳಿಗೆ ಅರ್ಥವಾಗುತ್ತಿದ್ದರು.

ಎಂಟನೇ ತಾರೀಖು ಚೀಲಗಳನ್ನು ಒಳಗು ಹೊರಗು ಮಾಡಿ ಬಿಸಿಲಿಗೆ ಹಾಕುವ ದಿನ. ಮೂವತ್ತೆರಡು ಚೀಲಗಳ ಒಳಜೇಬುಗಳು ಮೊದಲ ಸಲ ಅವಳ ಕಣ್ಣಿಗೆ ಬಿದ್ದವು. ಒಂದರಲ್ಲಿ ಹಕ್ಕಿಯ ಗರಿ, ಒಂದರಲ್ಲಿ ಕಾರಿನ ಒಂಟಿ ಚಕ್ರ, ಇನ್ನೊಂದರಲ್ಲಿ ಉದುರಿದ ಹಲ್ಲು. ಅವಳು ಯಾವುದನ್ನೂ ಮುಟ್ಟಲಿಲ್ಲ. ಗೇಟಮ್ಮನ ಚೀಲದ ಜೇಬಿನಿಂದ ಮಾತ್ರ ನಾಲ್ಕು ಮಡಿಕೆಯ ಕಾಗದವೊಂದು ಗಾಳಿಗೆ ಜಾರಿ ಹುಲ್ಲಿನ ಮೇಲೆ ಬಿದ್ದು ತೆರೆದುಕೊಂಡಿತು. ಹಾರಿಹೋಗದಿರಲೆಂದು ಅಜ್ಜಿ ಅದರ ಮೇಲೆ ಕಾಲಿಟ್ಟಳು. ಆಮೇಲೆ ಎತ್ತಿಕೊಂಡಳು. ಬೇರೆಯವರು ನೋಡಬಾರದೆಂದೇ ಹೊಲಿದ ಜೇಬು ಅದು, ಹೊಲಿದವಳೂ ಬೇರೆಯವಳೇ. ಆದರೆ ಕಣ್ಣು ಓದಿಬಿಟ್ಟಿತ್ತು.

'ತಾಯಿ ಮತ್ತು ಒಂದು ಮಗು. ತಂಗುದಾಣದ ಅವಧಿ ಇದೇ ತಿಂಗಳ ಹತ್ತನೇ ತಾರೀಖು ಬೆಳಿಗ್ಗೆ ಮುಗಿಯುತ್ತದೆ.'

ಹತ್ತು. ಅಜ್ಜಿ ಅಲ್ಲೇ ಕಲ್ಲಿನ ಮೇಲೆ ಕೂತಳು. ಎದುರಿಗೆ ಅವಳು ಬರೆದ ಚೌಕಗಳು ಬಿಳಿಯಾಗಿ ಹೊಳೆಯುತ್ತಿದ್ದವು. ಕಾಗದದ ಹಿಂಬದಿಯಲ್ಲಿ ಇನ್ನೊಂದು ತಂಗುದಾಣದ ವಿಳಾಸ. ಅದರ ಕೆಳಗೆ: 'ಹತ್ತನೇ ತಾರೀಖು ಸಂಜೆ ಆರರೊಳಗೆ ಈ ಚೀಟಿಯನ್ನು ತಂದು ತೋರಿಸಿದವರಿಗೆ ಮಾತ್ರ ಜಾಗ. ನಕಲು ನಡೆಯುವುದಿಲ್ಲ.'

ಚೀಟಿ ಇಲ್ಲಿದೆ. ತಾಯಿ ಅಲ್ಲಿದ್ದಾಳೆ. ಮಕ್ಕಳ ಬಸ್ಸು ಹೊರಡುವುದು ಹನ್ನೆರಡಕ್ಕೆ.

ಹುಡುಗಿ ತನ್ನ ಡೇರೆಯಲ್ಲಿದ್ದಳು. ಬಾಗಿಲ ಬಟ್ಟೆ ಇಳಿಬಿಟ್ಟಿತ್ತು. ಅಜ್ಜಿ ಅದರ ಎದುರು ಬಹಳ ಹೊತ್ತು ನಿಂತಳು. ಏನೆಂದು ಕರೆಯಲಿ? ಏನು ಕೇಳಲಿ? ಕೇಳಬೇಕಾದದ್ದೆಲ್ಲ ಆ ಒಂದು ಪದದ ಆಚೆಗಿತ್ತು. ಕಾದ ಬಟ್ಟೆಯ ವಾಸನೆ ಮುಖಕ್ಕೆ ಹೊಡೆಯುತ್ತಿತ್ತು. ಅವಳು ಬೆರಳಿನ ತಗಡಿನ ಟೋಪಿಯನ್ನು, ಸೂಜಿ ಚುಚ್ಚದಂತೆ ಹಾಕಿಕೊಳ್ಳುವಂಥದ್ದು, ಡೇರೆಯ ಕಂಬಕ್ಕೆ ಎರಡು ಸಲ ಬಡಿದಳು. ಟಕ್, ಟಕ್.

"ಮನೇಲಿ ಯಾರಿದ್ದೀರಿ?"

ಒಳಗೆ ಏನೋ ಸರಿದಾಡಿ ನಿಂತಿತು. "ಯಾರೂ ಇಲ್ಲ."

"ಹೌದಾ? ಹಾಗಾದ್ರೆ ಆಮೇಲೆ ಬರ್ತೀನಿ."

ಅಜ್ಜಿ ಕದಲಲಿಲ್ಲ. ಒಳಗಿನವಳಿಗೂ ಅದು ಗೊತ್ತಿತ್ತು.

"...ಬನ್ನಿ."

ಒಳಗೆ ಹುಡುಗಿ ತನ್ನ ಬಟ್ಟೆಬರೆಯ ಚೀಲ ಕಟ್ಟಿಟ್ಟುಕೊಂಡು, ಬೂಟು ಹಾಕಿಕೊಂಡೇ ಕೂತಿದ್ದಳು. ಪಕ್ಕದಲ್ಲಿ ಒಣಗಿದ ಬ್ರೆಡ್ಡಿನ ತುಂಡುಗಳ ಗಂಟು. ಅಜ್ಜಿ ಕಷ್ಟಪಟ್ಟು ನೆಲದ ಮೇಲೆ ಕೂತು, ಚೀಟಿಯನ್ನು ಇಬ್ಬರ ನಡುವೆ ಇಟ್ಟಳು.

"ಹಾರಿಹೋಗ್ತಿತ್ತು. ಹಿಡ್ಕೊಂಡೆ. ಓದಿದ್ದು ತಪ್ಪು, ಆದ್ರೆ ಓದಿದೆ."

ಹುಡುಗಿ ಚೀಟಿಯನ್ನು ನೋಡಲಿಲ್ಲ. ಸೂಜಿ ಪೋಣಿಸುವಷ್ಟೇ ಎಚ್ಚರದಿಂದ ಒಂದೊಂದೇ ಮಾತು ಹೊರತೆಗೆದಳು. "ಅಮ್ಮನ ಪರ್ಸಿಂದ ನಾನೇ ತೆಗೆದೆ. ಚೀಟಿ ಇಲ್ದಿದ್ರೆ ಹೇಗೆ ಹೊರಗೆ ಹಾಕ್ತಾರೆ ಅಂತ. ಇಲ್ಲಿಗೆ ಬಂದ್ಮೇಲೆ ಹಿಂದುಗಡೆ ಓದ್ದೆ."

"ನಡ್ಕೊಂಡು ಹೋಗೋಣ ಅಂತ ಇದ್ಯಾ?"

"ಹ್ಞೂಂ. ಆದ್ರೆ ದಾರಿ ಎಲ್ಲಿ ತಿರುಗುತ್ತೆ ಗೊತ್ತಿಲ್ಲ. ಬರುವಾಗ ಬಸ್ಸಲ್ಲಿ ನಿದ್ದೆ ಬಂದಿತ್ತು."

"ಒಂದು ಮಾತು ಯಾರಿಗಾದ್ರೂ ಹೇಳಬಾರದಿತ್ತಾ ಕಂದ?"

"ಯಾರೂ ಕೇಳ್ಲಿಲ್ಲ. ಇಲ್ಲಿ ಎಲ್ಲ ಕೇಳ್ತಾರೆ. ಯಾವ ಹಕ್ಕಿ ಇಷ್ಟ ಅಂತ ಕೇಳ್ತಾರೆ. ಅದೊಂದು ಬಿಟ್ಟು" ಎಂದಳು.

ಇಬ್ಬರೂ ಕೂಡಿಯೇ ಮೇಡಂ ಹತ್ತಿರ ಹೋದರು. ಮೇಡಂ ಚೀಟಿಯ ಎರಡೂ ಬದಿ ಓದಿ, ಫೋನಿಗೆ ಸಿಗ್ನಲ್ ಸಿಗುವ ಬಂಡೆಯತ್ತ ಓಡಿದರು. ಮುಕ್ಕಾಲು ಗಂಟೆ ಬಿಟ್ಟು ಮುಖ ಕೆಂಪಾಗಿಸಿಕೊಂಡು ಇಳಿದು ಬಂದರು. ತಾಯಿಯ ಫೋನು ಸತ್ತಿತ್ತು. ಹೊಸ ತಂಗುದಾಣದವರು ಮೂಲ ಚೀಟಿಯೇ ಬೇಕೆಂದು ಪಟ್ಟು ಹಿಡಿದಿದ್ದರು. "ನಾನು ಎಷ್ಟು ಹೇಳಿದ್ರೂ ಕೇಳ್ಲಿಲ್ಲ ಅಜ್ಜಿ." ಬೂಟಿನ ತುದಿಯಿಂದ ಮಣ್ಣು ಕೆದಕುತ್ತ ನಿಂತರು. ಆಮೇಲೆ ಮೆಲ್ಲಗೆ, "ಅವಳ ಹತ್ರ ನೀವು ಆ ಪದ ಹೇಳಿದ್ರಾ?" ಎಂದು ಕೇಳಿದರು.

"ಹೇಳಿದೆ."

"ಅತ್ತಳಾ?"

"ಇಲ್ಲ. ಒಳಗೆ ಬನ್ನಿ ಅಂದಳು."

ಮೇಡಂ ಮುಖದಲ್ಲಿ ಸಿಟ್ಟಿರಲಿಲ್ಲ. ಹಿಡಿದ ನಕ್ಷೆ ತಲೆಕೆಳಗಾಗಿದೆಯೋ ಏನೋ ಎಂದು ಅನುಮಾನ ಬಂದವರ ಮುಖ ಅದು. ತಾನು ಮಾಡಿದ್ದು ಸರಿಯೆಂದು ಅಜ್ಜಿಗೂ ಖಾತ್ರಿಯಿರಲಿಲ್ಲ. ಇದೇ ಮಾತು ಇನ್ನೊಂದು ಮಗುವನ್ನು ಅಳಿಸದೆಂದು ಯಾರು ಹೇಳಬಲ್ಲರು?

ಒಂಬತ್ತನೇ ತಾರೀಖು ಬೆಳಿಗ್ಗೆ ತರಕಾರಿ ವ್ಯಾನು ಬರುವ ದಿನ. ದಿನ ಬಿಟ್ಟು ದಿನ ಬಂದು, ಇಳಿಸಿ, ಪಟ್ಟಣಕ್ಕೆ ಹಿಂತಿರುಗುವ ವ್ಯಾನು ಅದು. ಅದರ ಚಾಲಕ ಸಣಕಲು ಆಸಾಮಿ. ಮಾತಿಗೊಮ್ಮೆ "ನೋಡೋಣ" ಅನ್ನುವವನು. ಎಲ್ಲ ಕೇಳಿಸಿಕೊಂಡು, ತಾಯಿ ಈಗಿರುವ ತಂಗುದಾಣದ ವಿಳಾಸವನ್ನು ಮೇಡಂ ಹತ್ತಿರ ಬರೆಸಿಕೊಂಡು, "ನೋಡೋಣ, ಕೊಡಿ" ಎಂದು ಚೀಟಿಗೆ ಕೈ ಚಾಚಿದ. ಹುಡುಗಿ ಕೊಡಲಿಲ್ಲ. ಅವನ ಅಂಗಿಯ ಜೇಬು ಬಾಯಿ ಬಿಟ್ಟುಕೊಂಡಿತ್ತು, ಅದನ್ನೇ ನೋಡುತ್ತಿದ್ದಳು. ಅಜ್ಜಿಗೆ ಅರ್ಥವಾಯಿತು.

"ಅಲ್ಲಾಡಬೇಡಪ್ಪ," ಎಂದು, ಹುಡುಗಿ ಪೋಣಿಸಿಟ್ಟಿದ್ದ ಸೂಜಿಗಳಲ್ಲೊಂದನ್ನು ತೆಗೆದಳು. ಚೀಟಿಯನ್ನು ಜೇಬಿಗಿಟ್ಟು, ಅಂಗಿ ಅವನ ಮೈಮೇಲಿದ್ದ ಹಾಗೆಯೇ, ಜೇಬಿನ ಬಾಯಿಗೆ ಉದ್ದುದ್ದ ಹೊಲಿಗೆ ಹಾಕತೊಡಗಿದಳು.

"ಅಯ್ಯೋ ಅಜ್ಜಿ, ಒಳಗೆ ನನ್ನ ಸಿಗರೇಟಿದೆ!"

"ಒಂದು ದಿನ ಸೇದದಿದ್ರೆ ಸಾಯಲ್ಲ. ಈ ದಾರದ ತುದಿ ಎಳೆದ್ರೆ ಪೂರ್ತಿ ಬಿಚ್ಕೊಳ್ಳುತ್ತೆ. ಅವಳ ಅಮ್ಮನ ಎದುರಿಗೆ ನಿಂತು ಎಳಿ. ಅದಕ್ಕೂ ಮುಂಚೆ ಎಳೆದಿಯೋ, ನನಗೆ ಗೊತ್ತಾಗುತ್ತೆ."

"ಹಾಳ!" ಎಂದ ಸೌಟಣ್ಣ ಪಕ್ಕದಲ್ಲಿ ಈರುಳ್ಳಿ ಚೀಲ ಇಳಿಸುತ್ತ. "ಬದುಕಿರೋ ಮನುಷ್ಯನ್ನೇ ಹೊಲಿದುಬಿಟ್ರಲ್ಲ!"

ಹುಡುಗಿಯ ಬಾಯಂಚಿನಲ್ಲಿ ನಗೆ ಬಂದಂತೆ ಕಂಡಿತು, ಬರಲಿಲ್ಲ. ಅಮ್ಮನ ಗುರುತು ಹೇಳು ಎಂದಾಗ, "ಎಡಗೈಲಿ ಚೀಲ ಹಿಡಿಯೋದು ನಮ್ಮಮ್ಮ ಒಬ್ಳೇ" ಎಂದಳು. ಚಾಲಕ "ನೋಡೋಣ" ಎನ್ನುತ್ತ ಹೊರಟ. ಧೂಳು ಅಡಗುವವರೆಗೆ ಅವಳು ಗೇಟಿನ ಮೇಲೇ ನಿಂತಿದ್ದಳು.

ಹತ್ತನೇ ತಾರೀಖು ವ್ಯಾನು ಬರುವ ದಿನವಲ್ಲ. ಅವನು ತಾಯಿಯನ್ನು ಕಂಡನೋ ಇಲ್ಲವೋ, ನಾಳೆಯವರೆಗೆ ತಿಳಿಯುವ ದಾರಿಯಿರಲಿಲ್ಲ. ಮೇಡಂ ಬೆಳಿಗ್ಗೆಯಿಂದ ಮೂರು ಸಲ ಬಂಡೆ ಹತ್ತಿ ಇಳಿದರು. ಅಜ್ಜಿ ಹೊಲಿದದ್ದನ್ನೇ ಬಿಚ್ಚಿ ಹೊಲಿದಳು. ಗೇಟಿನ ಮೇಲೆ ಕೂತೂ ಕೂತೂ ಕಾಲು ಜೋಮು ಹಿಡಿದಿರಬೇಕು, ಹುಡುಗಿ ಇಳಿದು ಬಂದು ಆಟಕ್ಕೆ ನಿಂತಳು. ತಿಕ್ಕಿದ್ದ ಹತ್ತರ ಚೌಕವನ್ನು ಮಕ್ಕಳು ಮತ್ತೆ ತಿದ್ದಿ ಬರೆದುಕೊಂಡಿದ್ದರು. ಹತ್ತು ಮನೆಯ ಆಟ ಅವರಿಗೆ ಹಿಡಿಸಿಬಿಟ್ಟಿತ್ತು. ಅವಳು ಒಂದು ಕಾಲಿನ ಮೇಲೆ ಹೋದಳು, ಬಂದಳು, ಮತ್ತೆ ಹೋದಳು. ಕೊನೆಗೆ ಬೆನ್ನು ತಿರುಗಿಸಿ ನಿಂತವಳು ಬಿಲ್ಲೆಯನ್ನು ಯಾರ ಕೈಗೂ ಕೊಡಲಿಲ್ಲ. ಏನು ಯೋಚಿಸಿದಳೋ, ಕಣ್ಣು ಮುಚ್ಚಿ ತಲೆಯ ಮೇಲಿಂದ ಎಸೆದಳು.

"ಒಂಬತ್ತು!"

"ಅದು ಅಜ್ಜಿ ಬರೆದಿದ್ದು, ಅದು ಲೆಕ್ಕಕ್ಕಿಲ್ಲ!"

"ಯಾಕಿಲ್ಲ? ಗೆರೆ ಇದೆಯಲ್ಲ!"

"ಅಜ್ಜಿ, ನೀವೇ ಹೇಳಿ, ಲೆಕ್ಕಕ್ಕಿದ್ಯೋ ಇಲ್ವೋ?"

ಅಜ್ಜಿ ಹುಡುಗಿಯ ಕಡೆ ನೋಡಿದಳು. ಹುಡುಗಿಯೇ ಹೋಗಿ, ಒಂಬತ್ತರ ಮೂಲೆಯಿಂದ ಮೂಲೆಗೆ ಎರಡು ಗೆರೆ ಎಳೆದು, ತನ್ನದೆಂದು ಗುರುತು ಹಾಕಿದಳು.

ಅದೇ ಹೊತ್ತಿಗೆ ಮಣ್ಣುದಾರಿಯಲ್ಲಿ ಧೂಳು ಎದ್ದಿತು. ವ್ಯಾನು ಗೇಟಿನ ಹೊರಗೆ ನಿಂತಿತು. ಚಾಲಕ ಇಳಿದ, ಅವನ ಅಂಗಿಯ ಜೇಬಿನಿಂದ ಬಿಚ್ಚಿದ ದಾರ ಉದ್ದಕ್ಕೆ ಜೋತಾಡುತ್ತಿತ್ತು. ಇನ್ನೊಂದು ಬಾಗಿಲಿನಿಂದ ಒಬ್ಬ ಹೆಂಗಸು ಇಳಿದಳು. ಎಡಗೈಯಲ್ಲಿ ಎರಡು ದೊಡ್ಡ ಚೀಲ.

"ನಿನ್ನೆ ಸಂಜೆ ಹೋದಾಗ ಅಲ್ಲಿ ಬಾಗಿಲು ಹಾಕಿತ್ತು," ಎಂದು ಚಾಲಕ ಅಜ್ಜಿಗೆ ತಗ್ಗಿದ ದನಿಯಲ್ಲಿ ಹೇಳಿದ. "ಬೆಳಿಗ್ಗೆ ಹೋದೆ. ಚೀಲ ಹಿಡ್ಕೊಂಡು ಫುಟ್‌ಪಾತ್ ಮೇಲೆ ನಿಂತಿದ್ರು. ದಾರ ಎಳೆದು ಕೊಟ್ಟೆ. ಚೀಟಿ ನೋಡಿ, ಮಗು ಅತ್ತಳಾ ಅಂತ ಕೇಳಿದ್ರು. ಇಲ್ಲಮ್ಮ, ಒಂದು ಹನಿ ಅಳ್ಲಿಲ್ಲ ಅಂದೆ. ಅಳ್ದೇ ಇದ್ರೇನೇ ಅವಳನ್ನ ನೋಡ್ಬೇಕು ಅಂತ ಗಾಡಿ ಹತ್ತಿಬಿಟ್ರು. ಐದರೊಳಗೆ ಹೊಸ ಜಾಗಕ್ಕೆ ಮುಟ್ಟಿಸ್ತೀನಿ, ನೋಡೋಣ."

ಹೆಂಗಸು ಗೇಟಿನೊಳಗೆ ನಾಲ್ಕು ಹೆಜ್ಜೆ ಬಂದು, ಮಗಳನ್ನು ಕಂಡು ನಿಂತಳು. ತಾಯಿ ಮಗಳು ಓಡಿ ಬಂದು ಅಪ್ಪಿಕೊಳ್ಳಲಿಲ್ಲ. ಒಬ್ಬರನ್ನೊಬ್ಬರು ನೋಡುತ್ತ ನಿಂತರು, ಅಷ್ಟೆ. ಹೆಂಗಸಿನ ಕೈ ಸೋತಿತ್ತು. ಎಲ್ಲಿಡುತ್ತಿದ್ದೇನೆಂದು ನೋಡದೆ ಚೀಲಗಳನ್ನು ಕಾಲ ಬಳಿ ಇಳಿಸಿದಳು.

ಮಕ್ಕಳೆಲ್ಲ ಒಟ್ಟಿಗೆ ಕಿರುಚಿದರು. "ಅಲ್ಲಿಡಬೇಡಿ! ಅದು ಅವಳ ಮನೆ! ಆಂಟಿ, ಅವಳ ಮನೆ ತುಳೀತಿದ್ದೀರಿ!"

ಹೆಂಗಸು ಬೆಚ್ಚಿಬಿದ್ದು ಚೀಲಗಳಿಗೆ ಕೈ ಹಾಕಿದಳು. ಇಂಥ ಕೂಗಿಗೆ ಸಾಮಾನು ಎತ್ತಿಕೊಂಡು ಅಭ್ಯಾಸವಾದ ಕೈ ಅದು.

"ಇರ್ಲಿ ಬಿಡ್ರೋ," ಎಂದಳು ಹುಡುಗಿ. "ನಮ್ಮಮ್ಮ."

ಮಕ್ಕಳು ಗೊಂದಲಕ್ಕೆ ಬಿದ್ದರು. ಸ್ವಂತ ಮನೆಗೆ ಅಮ್ಮನನ್ನು ಬಿಟ್ಟುಕೊಳ್ಳಬಹುದೇ ಎಂಬ ಬಗ್ಗೆ ಆಟದಲ್ಲಿ ನಿಯಮವಿರಲಿಲ್ಲ. ಮೇಡಂ ಕೂಡ ಬಂದು ನಿಂತಿದ್ದರು. ಹೊರಗಿನ ದೊಡ್ಡವರು ಯಾರೂ ಶಿಬಿರದೊಳಗೆ ಬರುವಂತಿಲ್ಲವೆಂದು ಅವರ ಪುಸ್ತಕದಲ್ಲಿತ್ತು. ಅವರು ಅಜ್ಜಿಯ ಕಡೆ ನೋಡಿ, ಕೊರಳಿನ ಸೀಟಿಯನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡರು. ಹುಡುಗಿ ಒಂಬತ್ತರೊಳಗೆ ಹೋಗಿ ಅಮ್ಮನ ಕೈಯಿಂದ ಚೀಲಗಳನ್ನು ಬಿಡಿಸಿ ಒಂದರ ಪಕ್ಕ ಒಂದು ಇಟ್ಟಳು. ಹೆಂಗಸು ಅವುಗಳ ಮೇಲೆ ಮೆಲ್ಲಗೆ ಕೂತಳು. ಎರಡೂ ಕಾಲು ನೆಲಕ್ಕೂರಿದಳು.

ಆಗ ಅಡುಗೆಯ ಕಡೆಯಿಂದ ಸೌಟಣ್ಣ ಬಂದ. ಒಂದು ಕೈಯಲ್ಲಿ ಬಿಸಿ ಸೂಪಿನ ಬಟ್ಟಲು, ಇನ್ನೊಂದರಲ್ಲಿ ಬ್ರೆಡ್ಡು, ಮೊಟ್ಟೆ ಇಟ್ಟ ತಟ್ಟೆ. ಯಾರಿವರು, ಎಲ್ಲಿಂದ ಬಂದರು ಎಂದು ಅವನು ಕೇಳಲಿಲ್ಲ. ಎಂಟರವರೆಗೆ ಬಂದವನು ಬಿಳಿ ಗೆರೆಯ ಹತ್ತಿರ ನಿಂತು, ತನ್ನ ಕಾಲಿನ ಕಡೆ ಒಮ್ಮೆ ನೋಡಿಕೊಂಡ. ಗೆರೆ ತುಳಿಯದಂತೆ ಒಂದಿಷ್ಟು ಹಿಂದೆ ಸರಿದು, ಮುಂದಕ್ಕೆ ಬಗ್ಗಿ, ತೋಳನ್ನು ಆದಷ್ಟು ಉದ್ದಕ್ಕೆ ಚಾಚಿ, ತಟ್ಟೆಯನ್ನು ಒಳಗೆ ಕೊಟ್ಟ.